1898ರ ಪೇಪರ್ ಓದಲು ಒಂದು ಬಿಟ್ಟಿ ಸೇವೆ: ಐದಕ್ಕೆ ನಾಲ್ಕು ಸ್ಟಾರ್

2025ರ ಮೇ 8ರ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಕರಾಚಿ ಬಂದರು ಧ್ವಂಸ ಅಂತ ಟಿವಿಯಲ್ಲಿ ಒಂದೇ ಸಮನೆ ಕೂಗಾಟ. ಅಪ್ಪ ರಿಮೋಟ್ ಕೆಳಗಿಡಲೇ ಇಲ್ಲ. ಬೆಳಿಗ್ಗೆ ನೋಡಿದರೆ ಬಂದರು ಇದ್ದ ಹಾಗೇ ಇತ್ತು. ಈ ಚಾಳಿ ಟಿವಿ ಬಂದ ಮೇಲೆ ಶುರುವಾಯಿತಾ, ಮೊದಲಿಂದಲೂ ಇತ್ತಾ ಅನ್ನುವ ಹುಳ ಅವತ್ತೇ ತಲೆಗೆ ಹೊಕ್ಕಿತು.

ಹಾಗೆ ಹುಡುಕುವಾಗ ಸಿಕ್ಕಿದ್ದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರ ಕ್ರಾನಿಕ್ಲಿಂಗ್ ಅಮೆರಿಕ. ಹಳೇ ಪತ್ರಿಕೆಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ.

ನಾನು ಮೊದಲು ತೆಗೆದಿದ್ದು 1898ರ ಫೆಬ್ರವರಿ 17ರ ನ್ಯೂಯಾರ್ಕ್ ಜರ್ನಲ್. ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ಒಂದು ಸೆಂಟಿನ ಪತ್ರಿಕೆ. ಎರಡು ದಿನದ ಹಿಂದೆ, 15ರ ರಾತ್ರಿ, ಆಗ ಸ್ಪೇನ್ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ಮೇನ್ ಸ್ಫೋಟಗೊಂಡು 260ಕ್ಕೂ ಜಾಸ್ತಿ ಜನ ಸತ್ತಿದ್ದರು. ಮುಂದಿನ ವರದಿ ಬರುವ ತನಕ ಜನ ಯಾವ ತೀರ್ಮಾನಕ್ಕೂ ಬರಬಾರದು ಅಂತ ಹಡಗಿನ ಕ್ಯಾಪ್ಟನ್ ಸಿಗ್ಸ್‌ಬೀ ಮೊದಲ ಟೆಲಿಗ್ರಾಂನಲ್ಲೇ ಕೇಳಿಕೊಂಡಿದ್ದ. ಪತ್ರಿಕೆ ನೋಡಿದರೆ? ಶತ್ರುವಿನ ಕೆಲಸ ಅಂತ ದಪ್ಪಕ್ಷರದ ಶೀರ್ಷಿಕೆ, ಅಪರಾಧಿಯನ್ನು ಪತ್ತೆ ಮಾಡಿದವರಿಗೆ 50,000 ಡಾಲರ್ ಬಹುಮಾನ. ನಡುವೆ ಒಂದು ದೊಡ್ಡ ಚಿತ್ರ. ಅದನ್ನು ಜೂಮ್ ಮಾಡಿ ನೋಡಿ: ಹಡಗಿನ ಕೆಳಗೆ ನೀರಲ್ಲಿ ಒಂದು ಸಿಡಿಗುಂಡು, ಅದರಿಂದ ದಡದ ಕಡೆ ಹೋಗುವ ತಂತಿ. ಬರೆದವನು ಅಲ್ಲೇ ಮುಳುಗು ಹಾಕಿ ನೋಡಿ ಬಂದವನ ಹಾಗೆ ಬರೆದಿದ್ದಾನೆ! 1976ರಲ್ಲಿ ಅಮೆರಿಕ ನೌಕಾಪಡೆಯ ಅಡ್ಮಿರಲ್ ರಿಕೋವರ್ ತಂಡ ಮತ್ತೆ ಪರಿಶೀಲಿಸಿ, ಹಡಗಿನೊಳಗಿನ ಕಲ್ಲಿದ್ದಲ ಬೆಂಕಿಯೇ ಮದ್ದುಗುಂಡಿಗೆ ತಗುಲಿರಬಹುದು ಅಂದಿತು. ಇವತ್ತಿಗೂ ಆ ಬಗ್ಗೆ ಒಮ್ಮತ ಇಲ್ಲ. ಜರ್ನಲ್‌ಗೆ ಮಾತ್ರ ಎರಡೇ ದಿನ ಸಾಕಾಯಿತು.

ಏಪ್ರಿಲ್‌ನಲ್ಲಿ ಸ್ಪೇನ್ ಜೊತೆ ಯುದ್ಧ ಶುರುವಾಯಿತು. ಹಾಗಂತ ಎಲ್ಲವನ್ನೂ ಹರ್ಸ್ಟ್ ತಲೆಗೆ ಕಟ್ಟುವುದೂ ತಪ್ಪು. ಕ್ಯೂಬಾದಲ್ಲಿ 1895ರಿಂದಲೇ ದಂಗೆ ನಡೆಯುತ್ತಿತ್ತು, ಸ್ಪೇನಿನ ಜನರಲ್ ವೇಲರ್ ಹಳ್ಳಿ ಜನರನ್ನು ಶಿಬಿರಗಳಿಗೆ ತುಂಬಿ ಸಾವಿರಾರು ಜನ ಹಸಿವು, ರೋಗದಿಂದ ಸತ್ತಿದ್ದು ಸುಳ್ಳಲ್ಲ. ಸೌದೆ ಒಣಗಿತ್ತು, ಇವರು ಊದಿದರು ಅಷ್ಟೇ. (ಚಿತ್ರ ನೀನು ಕಳಿಸು, ಯುದ್ಧ ನಾನು ಕೊಡ್ತೀನಿ ಅಂತ ಹರ್ಸ್ಟ್ ತನ್ನ ಚಿತ್ರಕಾರನಿಗೆ ಟೆಲಿಗ್ರಾಂ ಕಳಿಸಿದ ಅನ್ನುವ ಕತೆ ಎಲ್ಲ ಕಡೆ ಓಡಾಡುತ್ತಲ್ವಾ, ಅಂಥ ಟೆಲಿಗ್ರಾಂ ಯಾರಿಗೂ ಸಿಕ್ಕಿಲ್ಲ. ಅದೂ ಒಂಥರಾ ಸೆನ್ಸೇಷನ್ನೇ.)

ಒಂದು ಸ್ಟಾರ್ ಯಾಕೆ ಕಟ್ ಅಂದರೆ, ಫೋನಲ್ಲಿ ಓದಿದರೆ ಕಣ್ಣು ಹೋಗುತ್ತೆ, ಲ್ಯಾಪ್‌ಟಾಪ್ ಬೇಕೇ ಬೇಕು. ಅಚ್ಚು ಮಸುಕಾದ ಕಡೆ ಪದ ಹಾಕಿ ಹುಡುಕುವುದಕ್ಕಿಂತ ತಾರೀಖು ಹಿಡಿದು ಹೋಗುವುದೇ ವಾಸಿ.

1898ರ ಮೇ ತಿಂಗಳ ಸಂಚಿಕೆಗಳನ್ನು ಮರೆಯಬೇಡಿ. ಯುದ್ಧ ನಡೆಯುತ್ತಿರುವಾಗಲೇ ಮುಖಪುಟದಲ್ಲಿ ಓದುಗರಿಗೆ ಒಂದು ಪ್ರಶ್ನೆ ಹಾಕಿದ್ದಾರೆ: ಜರ್ನಲ್‌ನ ಯುದ್ಧ ನಿಮಗೆ ಹೇಗನ್ನಿಸಿತು? ಆ ಪುಟದ ಪ್ರಿಂಟ್ ತೆಗೆದು ಟಿವಿ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಅದೇನು ಅಂತ ಅಪ್ಪ ಇನ್ನೂ ಕೇಳಿಲ್ಲ.