2 ಓಮ್‌ಗೆ ಕಟ್ಟಿದ 12 ಇಂಚಿನ ಸಬ್‌ವೂಫರ್: ಕೆಲ ವರ್ಷ ಬಳಸಿದ ಮೇಲೆ

ಸಬ್‌ವೂಫರ್, ಅಂದರೆ ತಗ್ಗು ಸ್ವರಗಳ ದೊಡ್ಡ ಸ್ಪೀಕರ್, ರಾಕ್‌ಫೋರ್ಡ್ ಫಾಸ್ಗೇಟ್ ಪಂಚ್ ಪಿ3ಡಿ4-12. ಅದಕ್ಕೆ ಶಕ್ತಿ ಕೊಡುವ ಆಂಪ್ (ಆಂಪ್ಲಿಫೈಯರ್) ಅದೇ ಕಂಪನಿಯ ಪ್ರೈಮ್ ಆರ್500ಎಕ್ಸ್1ಡಿ ಮಾನೋಬ್ಲಾಕ್, ಅಂದರೆ ಒಂದೇ ಚಾನೆಲ್‌ನದು. ಸೀಲ್ಡ್ (ಗಾಳಿಯಾಡದಂತೆ ಮುಚ್ಚಿದ) ಬಾಕ್ಸ್‌ನಲ್ಲಿ, ಸೆಡಾನ್ ಕಾರಿನ ಡಿಕ್ಕಿಯಲ್ಲಿ ಕೂತು ಕೆಲವು ವರ್ಷಗಳಾದವು. ಬೇಸಿಗೆಯಲ್ಲಿ ಬೆಂದು, ಮಳೆಗಾಲದ ಗುಂಡಿಗಳಲ್ಲಿ ಕುಲುಕಿ, ಇನ್ನೂ ಮೊದಲಿನಂತೆಯೇ ಬಾರಿಸುತ್ತಿದೆ. ಇದರ ನಾದವನ್ನು ಹೊಗಳಲು ಬೇಕಾದಷ್ಟು ಜನರಿದ್ದಾರೆ. ನಾನು ಹೇಳಹೊರಟಿರುವುದು ಈ ಎರಡು ಒಂದಕ್ಕೊಂದು ಯಾಕೆ ಹೊಂದಿದವು ಅನ್ನುವುದನ್ನು.

ಓಮ್ ಅಂದರೆ ಆಂಪ್‌ನಿಂದ ಬರುವ ಕರೆಂಟ್‌ಗೆ ಸಬ್ ಒಡ್ಡುವ ತಡೆಯ ಅಳತೆ. ಈ ಆಂಪ್ 4 ಓಮ್‌ಗೆ 300 ವ್ಯಾಟ್, 2 ಓಮ್‌ಗೆ 500 ವ್ಯಾಟ್ ಆರ್‌ಎಂಎಸ್ (ಕ್ಷಣಿಕವಲ್ಲದ, ನಿರಂತರ ಶಕ್ತಿ) ಕೊಡುತ್ತದೆ. ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಸಬ್ ತಾಳುವುದು 600 ವ್ಯಾಟ್ ಆರ್‌ಎಂಎಸ್. ಅದರೊಳಗೆ ತಲಾ 4 ಓಮ್‌ನ ಎರಡು ವಾಯ್ಸ್ ಕಾಯಿಲ್, ಅಂದರೆ ಕೋನನ್ನು ಅಲುಗಾಡಿಸುವ ತಂತಿಸುರುಳಿ; ಹೆಸರಿನಲ್ಲಿರುವ ಡಿ4 ಇದೇ. ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕಟ್ಟಿದರೆ 2 ಓಮ್, ಸೀರೀಸ್ (ಒಂದರ ಬೆನ್ನಿಗೆ ಇನ್ನೊಂದು) ಕಟ್ಟಿದರೆ 8 ಓಮ್. ಮೂರನೆಯ ದಾರಿಯಿಲ್ಲ. ಇದೇ ಸಬ್ ಡಿ2 ಅನ್ನುವ ರೂಪದಲ್ಲೂ ಬರುತ್ತದೆ. ಅದರ ಕಾಯಿಲ್‌ಗಳು ತಲಾ 2 ಓಮ್, ಹಾಗಾಗಿ ಸಿಗುವುದು 1 ಓಮ್ ಅಥವಾ 4 ಓಮ್. ಅದನ್ನು ಈ ಆಂಪ್‌ಗೆ ತಂದರೆ 1 ಓಮ್ ನಿಷಿದ್ಧ, 4 ಓಮ್‌ನಲ್ಲಿ 300 ವ್ಯಾಟ್‌ಗೇ ತೃಪ್ತಿಪಡಬೇಕು. ನೋಡಲು ಎರಡೂ ಅವಳಿ-ಜವಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕೇಳಿದಾಗ "ಎರಡೂ ಒಂದೇ ಸಾರ್, ಡಿ2 ಸ್ಟಾಕ್ ಇದೆ, ತಗೊಳ್ಳಿ" ಅಂದರು. ಒಂದೇ ಅಲ್ಲ. ಆಂಪ್ ಯಾವುದೆಂದು ಮೊದಲು ತೀರ್ಮಾನಿಸಿ, ಅದು ಪೂರ್ತಿ ಶಕ್ತಿ ಕೊಡುವ ಓಮ್ ನೋಡಿ, ಆ ಓಮ್‌ಗೆ ಕಟ್ಟಲು ಬರುವ ಸಬ್ ಕೊಳ್ಳಿ. ಬಹಳ ಜನ ಸಬ್ ಮೊದಲು ತಂದು ಆಮೇಲೆ ಆಂಪ್ ಹುಡುಕುತ್ತಾರೆ.

"1 ಓಮ್‌ಗೆ ಇಳಿಸಿದರೆ ಡಬಲ್ ಪವರ್" ಅನ್ನುವ ಮಾತು ಫಿಟ್ಟರ್‌ಗಳ ಬಾಯಲ್ಲಿ ಸದಾ ಇರುತ್ತದೆ. ಲೆಕ್ಕ ಹಾಕಿ ನೋಡಿ: 300 ವ್ಯಾಟ್‌ನಿಂದ 500ಕ್ಕೆ ಹೋದರೆ ಕಿವಿಗೆ ಸಿಗುವುದು ಸುಮಾರು 2.2 ಡೆಸಿಬೆಲ್. ಪವರ್ ಪೂರ್ತಿ ದುಪ್ಪಟ್ಟಾದರೂ 3 ಡೆಸಿಬೆಲ್ ಅಷ್ಟೇ. ಆ ಮೂರಕ್ಕಾಗಿ ಬ್ಯಾಟರಿಯಿಂದ ಎಳೆಯುವ ಕರೆಂಟ್ ಎರಡರಷ್ಟು, ಆಂಪ್‌ನ ಬಿಸಿಯೂ ಅದಕ್ಕೆ ತಕ್ಕಂತೆ. 1 ಓಮ್‌ಗೆಂದೇ ಮಾಡಿದ ಆಂಪ್ ಆದರೆ ಸರಿ. ಅಲ್ಲದಿದ್ದರೆ ಹಾಡು ಏರುವ ಹೊತ್ತಿಗೆ ಸರಿಯಾಗಿ ಆಂಪ್ ತನ್ನನ್ನು ಕಾಪಾಡಿಕೊಳ್ಳಲು ನಿಂತು, ಪ್ರೊಟೆಕ್ಟ್ ದೀಪ ಹತ್ತಿ ಸಬ್ ಮೌನವಾಗುತ್ತದೆ.

ಕಟ್ಟಿದ್ದು ಸರಿಯಿದೆಯೇ ಎಂದು ನೋಡಲು ಸಾಧಾರಣ ಮಲ್ಟಿಮೀಟರ್ ಸಾಕು. ಆಂಪ್‌ಗೆ ಜೋಡಿಸುವ ಮೊದಲು ಬಾಕ್ಸ್‌ನ ಟರ್ಮಿನಲ್‌ನಲ್ಲಿ ಅಳೆಯಿರಿ. 4 ಓಮ್ ಕಾಯಿಲ್ ಮೀಟರ್‌ನಲ್ಲಿ 4 ತೋರಿಸುವುದಿಲ್ಲ, 3.5ರ ಆಸುಪಾಸು ತೋರಿಸುತ್ತದೆ. ಗಾಬರಿ ಬೇಡ, ಅದು ಬರೀ ತಂತಿಯ ಡಿ.ಸಿ. ರೆಸಿಸ್ಟೆನ್ಸ್. ಪ್ಯಾರಲಲ್‌ನಲ್ಲಿ 1.7ರ ಹತ್ತಿರ ಬಂದರೆ ಸರಿ. 7 ಬಂದರೆ ಸೀರೀಸ್ ಆಗಿದೆ. 3.5 ಬಂದರೆ ಒಂದೇ ಕಾಯಿಲ್ ಕೂಡಿದೆ, ಇನ್ನೊಂದು ಎಲ್ಲೋ ತಪ್ಪಿದೆ. ಅಗ್ಗದ ಮೀಟರ್ ಆದರೆ ಮೊದಲು ಎರಡು ಪ್ರೋಬ್ ತಾಗಿಸಿ, ಬರುವ ಸಂಖ್ಯೆಯನ್ನು ಕಳೆಯಿರಿ. ಇಷ್ಟು ಸಣ್ಣ ಅಳತೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಮೀಟರ್ ಹೇಳದ ಸಂಗತಿ ಒಂದಿದೆ: ಪ್ಲಸ್-ಮೈನಸ್. ಎರಡು ಕಾಯಿಲ್‌ಗಳಲ್ಲಿ ಒಂದು ಉಲ್ಟಾ ಆದರೂ ಓಮ್ ಅಷ್ಟೇ ಬರುತ್ತದೆ, ಆದರೆ ಒಂದು ಕೋನನ್ನು ಹೊರಗೆ ನೂಕುವಾಗ ಇನ್ನೊಂದು ಒಳಗೆಳೆಯುತ್ತದೆ. ಶಬ್ದ ಬರುವುದಿಲ್ಲ, ಕಾಯಿಲ್ ಮಾತ್ರ ಬಿಸಿಯಾಗುತ್ತದೆ. ಗಡಿಯಾರದ 1.5 ವೋಲ್ಟ್ ಸೆಲ್ ಒಂದನ್ನು ಒಂದೊಂದು ಕಾಯಿಲ್‌ಗೂ ಕ್ಷಣ ಮಾತ್ರ ತಾಗಿಸಿ. ಸೆಲ್‌ನ ಪ್ಲಸ್ ಕಾಯಿಲ್‌ನ ಪ್ಲಸ್‌ಗೆ ಮುಟ್ಟಿದಾಗ ಕೋನ್ ಹೊರಗೆ ಬರಬೇಕು, ಎರಡಕ್ಕೂ.

ಒಳಬರುವ ಸಿಗ್ನಲ್ಲನ್ನು ಆಂಪ್ ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ತಿರುಪು ಗೇನ್. ಅದರ ವಿಷಯದಲ್ಲಿ ಕಿವಿಯನ್ನು ನಂಬಬೇಡಿ. ಸಬ್ ತಂತಿ ಬಿಚ್ಚಿ, 50 ಹರ್ಟ್ಸ್ ಟೋನ್ ಹಾಕಿ, ಆಂಪ್‌ನ ಔಟ್‌ಪುಟ್‌ನಲ್ಲಿ ಎ.ಸಿ. ವೋಲ್ಟ್ ಅಳೆದೆ. 500 ವ್ಯಾಟನ್ನು 2 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ 31.6 ವೋಲ್ಟ್. ಅಲ್ಲಿಗೆ ನಿಲ್ಲಿಸಿದೆ. ಆಮೇಲೆ ಆ ತಿರುಪಿಗೆ ಕೈ ಹಾಕಿಲ್ಲ, ಮನೆಯ ಹುಡುಗರಿಗೂ ಹಾಕಲು ಬಿಟ್ಟಿಲ್ಲ.

500 ವ್ಯಾಟ್ ಹೊರಬರಬೇಕಾದರೆ ಕರೆಂಟ್ ಕಡಿಮೆ ವ್ಯರ್ಥಮಾಡುವ ಇಂಥ ಕ್ಲಾಸ್ ಡಿ ಆಂಪ್ ಕೂಡ ಸುಮಾರು 45 ಆಂಪಿಯರ್ ಎಳೆಯುತ್ತದೆ. 4 ಗೇಜ್ (ತಂತಿಯ ದಪ್ಪದ ಅಳತೆ) ಶುದ್ಧ ತಾಮ್ರದ ಕೇಬಲ್, ಬ್ಯಾಟರಿ ಪಕ್ಕದಲ್ಲೇ 60 ಆಂಪಿಯರ್ ಫ್ಯೂಸ್ ಹಾಕಿಸಿದ್ದೇನೆ. ಕಿಟ್‌ಗಳಲ್ಲಿ ಬರುವ ತಾಮ್ರ ಲೇಪಿತ ಅಲ್ಯೂಮಿನಿಯಂ ಕೇಬಲ್ ದಪ್ಪ ಕಾಣುತ್ತದೆ, ಆದರೆ ಅದೇ ಗೇಜ್‌ನಲ್ಲಿ ಒಂದೂವರೆಪಟ್ಟು ರೆಸಿಸ್ಟೆನ್ಸ್. ಸಿಗ್ನಲ್‌ನಲ್ಲಿ ನಿಂತಾಗ ಜೋರಾಗಿ ಹಾಕಿದರೆ ಹೆಡ್‌ಲೈಟ್ ಈಗಲೂ ಸ್ವಲ್ಪ ಮಂಕಾಗುತ್ತದೆ. ಐಡಲ್‌ನಲ್ಲಿ ಆಲ್ಟರ್ನೇಟರ್ ಕೊಡುವುದೇ ಕಡಿಮೆ. ಓಮ್ ಬದಲಿಸಿ ಅದನ್ನು ಸರಿಮಾಡಲಾಗುವುದಿಲ್ಲ.

ಬಾಳಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೊಳ್ಳಿನ ಪೆಟ್ಟು ಎದೆಗೆ ಬಂದು ಹೊಡೆಯುತ್ತದೆ, ತಮಟೆಯ ಬಿಗಿ ಕಳೆದುಹೋಗುವುದಿಲ್ಲ, ಆಂಪ್ ದೂರದ ದಾರಿಯಲ್ಲೂ ಬೆಚ್ಚಗಾಗುವುದಕ್ಕಿಂತ ಮುಂದೆ ಹೋಗಿಲ್ಲ. ಅದುರಾಟಕ್ಕೆ ಟರ್ಮಿನಲ್ ತಿರುಪು ಸಡಿಲವಾಗುತ್ತದೆ, ಸರ್ವೀಸ್‌ಗೆ ಬಿಡುವಾಗಲೆಲ್ಲ ಬಿಗಿಮಾಡಿ. ನಂಬರ್ ಪ್ಲೇಟ್ ಹಿಂದೆ ಫೋಮ್ ಅಂಟಿಸದಿದ್ದರೆ ಬೇಸ್‌ಗಿಂತ ಅದರ ಗಲಗಲವೇ ಜಾಸ್ತಿ.

ಒಂದೇ ಕೊರತೆ, ಕೊಳ್ಳುವ ಮುನ್ನ ಯೋಚಿಸಬೇಕಾದದ್ದು: ಇನ್ನೊಂದು ಸಬ್ ಸೇರಿಸುವ ಆಸೆ. ಎರಡು ಡಿ4 ಸೇರಿದರೆ ಈ ಆಂಪ್‌ಗೆ ಒಗ್ಗುವುದು 4 ಓಮ್ ಮಾತ್ರ. 300 ವ್ಯಾಟ್ ಎರಡಕ್ಕೂ ಹಂಚಿಹೋಗುತ್ತದೆ. ಎರಡನೇ ಕೋನ್‌ನಿಂದ 3 ಡೆಸಿಬೆಲ್ ಬಂದರೂ ಪವರ್‌ನಲ್ಲಿ 2.2 ಹೋಗುತ್ತದೆ, ಉಳಿಯುವ ಒಂದು ಡೆಸಿಬೆಲ್‌ಗೂ ಕಡಿಮೆ ಲಾಭಕ್ಕೆ ಡಿಕ್ಕಿಯ ಉಳಿದ ಜಾಗವನ್ನೂ ಕೊಡಲು ನಾನು ಸಿದ್ಧನಿಲ್ಲ. ಮುಂದೆ ಎರಡು ಸಬ್ ಹಾಕುವುದು ಖಚಿತವಿದ್ದರೆ ಮಾತ್ರ ಡಿ2 ಕೊಳ್ಳಿ. ಒಂದೊಂದನ್ನೂ ಸೀರೀಸ್‌ನಲ್ಲಿ 4 ಮಾಡಿ, ಎರಡನ್ನೂ ಪ್ಯಾರಲಲ್ ಕೂಡಿಸಿದರೆ ಸರಿಯಾಗಿ 2 ಓಮ್. ಅಲ್ಲಿಯವರೆಗೆ ಒಂಟಿ ಸಬ್ 300 ವ್ಯಾಟ್‌ನಲ್ಲಿ ಕಾಯಬೇಕಾಗುತ್ತದೆ.