ಮಂಡ್ಯದ ಡ್ರೆಸ್ಸಿಂಗ್ ಕ್ಲಿನಿಕ್: ಕಾಯಬೇಕು, ಆದರೆ ಕೆಲಸ ಪಕ್ಕಾ

ಮೊದಲು ತಕರಾರು ಹೇಳಿಬಿಡುತ್ತೇನೆ. ಕೂರಲು ಇರುವುದು ಒಂದೇ ಬೆಂಚು, ಟೋಕನ್ ಇಲ್ಲ, ಸಂಜೆ ಹೋದರೆ ಕಾದು ಕಾದು ಸಾಕಾಗುತ್ತದೆ. ಡ್ರೆಸ್ಸಿಂಗ್‌ಗೆ 100 ರೂಪಾಯಿ, ಅದೂ ನಗದು. ಇಷ್ಟಾದರೂ ಯಾರಾದರೂ ಗಾಯ ಮಾಡಿಕೊಂಡರೆ ಅಲ್ಲಿಗೇ ಹೋಗಿ ಅಂತೀನಿ.

ಕಬ್ಬು ಕಡಿಯುವಾಗ ಮಚ್ಚು ತಗುಲಿ ನಮ್ಮಪ್ಪನ ಮೊಣಕಾಲ ಕೆಳಗೆ ಗಾಯವಾಗಿತ್ತು. ಮನೆಯಲ್ಲಿ ಕಾಫಿಪುಡಿ ಮೆತ್ತಿದ್ದರು, ಡಾಕ್ಟರ್ ಅದಕ್ಕೆ ಸರಿಯಾಗಿ ಬೈದು, ತೊಳೆದು, ಟಿಟಿ ಚುಚ್ಚಿ ಕಟ್ಟಿದರು. ಮತ್ತೆ ಹೋದಾಗ ಗಾಜ್ ಬಟ್ಟೆ ರಕ್ತಕ್ಕೆ ಅಂಟಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಎಷ್ಟೋ ಕಡೆ ಸರಕ್ ಅಂತ ಎಳೆದುಬಿಡುತ್ತಾರೆ, ಅಲ್ವಾ? ಇಲ್ಲಿ ಸಿಸ್ಟರ್ ಸಲೈನ್ ಸುರಿದು, ನೆನೆಯಲು ಬಿಟ್ಟು, ಅಂಚಿನಿಂದ ಮೆಲ್ಲಗೆ ಬಿಡಿಸಿದರು. ಹೆಪ್ಪು ಕಿತ್ತು ಬರಲಿಲ್ಲ.

ಯಾಕಿಷ್ಟು ನಾಜೂಕು ಅಂತ ಕೇಳಿದೆ. ಡಾಕ್ಟರ್ ಬಿಡಿಸಿ ಹೇಳಿದರು. ಹೆಪ್ಪು ರಕ್ತ ನಿಲ್ಲಿಸುವುದಷ್ಟೇ ಅಲ್ಲ, ಬ್ಯಾಕ್ಟೀರಿಯಾವನ್ನೂ ತಡೆಯುತ್ತದಂತೆ, ಅದಕ್ಕೇ ಕೀಳಬಾರದು. ರಕ್ತದಲ್ಲಿರುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳು ಗುಂಪುಗೂಡಿದ ಕಡೆ ಫೈಬ್ರಿನ್ ಎಂಬ ನಾರು ಹೆಣೆದುಕೊಳ್ಳುತ್ತದೆ, ಒಳಗೆ ನುಗ್ಗಿದ ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಚರ್ಮದಲ್ಲಿ ಮೊದಲಿಂದಲೂ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಜೀವಕಣಗಳು ಅದನ್ನು ನುಂಗುತ್ತವೆ, ಸುಳಿವು ಕೊಟ್ಟು ರಕ್ತದಿಂದ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನೂ ಕರೆಸುತ್ತವೆ. ಈ ನ್ಯೂಟ್ರೋಫಿಲ್‌ಗಳು ತಮ್ಮದೇ ಡಿಎನ್‌ಎ ಎಳೆಗಳನ್ನು ಹೊರಗೆ ಚೆಲ್ಲಿ ಬ್ಯಾಕ್ಟೀರಿಯಾ ಹಿಡಿಯುತ್ತವಂತೆ, ಅದು ಗೊತ್ತಾಗಿದ್ದೇ 2004ರಲ್ಲಿ. ಆ ಎಳೆಗಳಿಂದ ರಕ್ತ ಇನ್ನೂ ಜಾಸ್ತಿ ಹೆಪ್ಪುಗಟ್ಟುತ್ತದೆ. ಬ್ಯಾಕ್ಟೀರಿಯಾ ಕೂಡ ಪೆದ್ದಲ್ಲ, ಕೆಲವು ಸ್ಟ್ರೆಪ್ಟೋಕಾಕಸ್‌ಗಳು ಹೆಪ್ಪು ಕರಗಲೆಂದೇ ಸ್ಟ್ರೆಪ್ಟೋಕೈನೇಸ್ ಎಂಬ ಪ್ರೋಟೀನ್ ಬಿಡುತ್ತವೆ. (ಹಾರ್ಟ್ ಅಟ್ಯಾಕ್ ಆದವರಿಗೆ ಹೆಪ್ಪು ಕರಗಿಸಲು ಚುಚ್ಚುವ ಸ್ಟ್ರೆಪ್ಟೋಕೈನೇಸ್ ಇದೇ!)

ಅಪ್ಪ ಆಂಟಿಬಯಾಟಿಕ್ ಬೇಕೇ ಬೇಕು ಅಂತ ಹಟ ಹಿಡಿದರು. "ಸುಮ್ನೆ ಯಾಕೆ ಯಜಮಾನ್ರೇ, ನಿಮಗೆ ಶುಗರ್ ಇಲ್ಲ, ಗಾಯವೂ ಕ್ಲೀನಾಗಿದೆ" ಅಂದರು ಡಾಕ್ಟರ್. ಶುರುವಿನಲ್ಲಿ ಸುತ್ತ ತುಸು ಕೆಂಪು, ಬಿಸಿ, ಊತ ಇದ್ದೇ ಇರುತ್ತದೆ, ಕಣಗಳು ಕೆಲಸ ಮಾಡುತ್ತಿರುವ ಗುರುತು ಅದು. ಕೆಂಪು ಹರಡುತ್ತಾ ಹೋದರೆ, ಕೀವು ಅಥವಾ ಜ್ವರ ಬಂದರೆ ಮಾತ್ರ ತಡ ಮಾಡದೆ ಓಡಿ ಬನ್ನಿ ಅಂತ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು. ಮಾತ್ರೆ ಬರೆಯದೆ ಕಳಿಸುವ ಡಾಕ್ಟರ್ ಈಗ ಎಲ್ಲಿ ಸಿಗುತ್ತಾರೆ ಹೇಳಿ.

ಭಾನುವಾರ ಬಾಗಿಲು ಹಾಕಿರುತ್ತದೆ. ಬೆಳಗ್ಗೆ ಬೇಗ ಹೋದರೆ ಬೆಂಚು ಸಿಗುತ್ತದೆ.