ಪದವಿನ ಮೇಲೆ ಮೂರು ಮಳೆಗಾಲ: ಓಟಗಾರನೊಬ್ಬನ ದೂರು

ಮೊದಲೇ ಹೇಳಿಬಿಡುತ್ತೇನೆ, ಓಡುವುದಕ್ಕೆ ಈ ದಾರಿ ಒಳ್ಳೆಯದಲ್ಲ. ಮಳೆಗಾಲದಲ್ಲಿ ಜಾರುತ್ತದೆ, ಬೇಸಿಗೆಯಲ್ಲಿ ಕಾವಲಿಯ ಹಾಗೆ ಕಾಯುತ್ತದೆ. ನೆರಳಿಗೆ ಒಂದು ಮರ ಇಲ್ಲ. ಆದರೂ ವಾರಕ್ಕೆ ನಾಲ್ಕು ದಿನ ಹೋಗುತ್ತೇನೆ. ಮೂರು ಮಳೆಗಾಲ ಆಯಿತು.

ಇದು ಮಣಿಪಾಲದಿಂದ ಸ್ವಲ್ಪ ದೂರ, ನಮ್ಮ ಮನೆ ಹಿಂದಿನ ಗುಡ್ಡ ಹತ್ತಿದರೆ ಸಿಗುವ ಪದವು. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ, ಪದವು ಅಂದರೆ ಗುಡ್ಡದ ನೆತ್ತಿಯಲ್ಲಿ ಚಪ್ಪಟೆಯಾಗಿ ಹರಡಿದ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಬಯಲು. ಕರಾವಳಿಯಲ್ಲಿ ಇಂಥವು ಬೇಕಾದಷ್ಟಿದ್ದವು. ಮಂಗಳೂರಿನಲ್ಲಿ ಪದವಿನಂಗಡಿ ಅಂತ ಊರೇ ಉಂಟು, ಈಗ ಅಲ್ಲಿ ಪದವಿಗಿಂತ ಅಂಗಡಿಯೇ ಜಾಸ್ತಿ. ನಮ್ಮದು ಒಂದು ಸುತ್ತಿಗೆ ಎರಡೂವರೆ ಕಿಲೋಮೀಟರ್. ನಾನು ಎರಡು ಸುತ್ತು ಹೊಡೆಯುತ್ತೇನೆ.

ಮಣಿಪಾಲದ ಎಂಡ್ ಪಾಯಿಂಟ್ ಪಾರ್ಕಿನ ಕಡೆ ಯಾಕೆ ಹೋಗಬಾರದು ಅಂತ ನೀವು ಕೇಳಬಹುದು. ಹೋಗಿದ್ದೇನೆ. ಕೆಳಗೆ ಸ್ವರ್ಣಾ ನದಿ ಕಾಣುತ್ತದೆ, ಚಂದ ಉಂಟು. ಆದರೆ ಅಲ್ಲಿ ಪರಿಚಯದವರು ಸಿಗುತ್ತಾರೆ, ಮಾತಾಡಬೇಕಾಗುತ್ತದೆ. ಮಲ್ಪೆಯ ಮರಳಿನಲ್ಲಿ ಇಳಿತದ ಹೊತ್ತು ಓಡಿದರೆ ಕಾಲಿಗೆ ಸುಖ. ಆದರೆ ಬೆಳಿಗ್ಗೆ ಐದೂವರೆಗೆ ಬೈಕ್ ತೆಗೆದು ಅಲ್ಲಿಗೆ ಹೋಗುವ ಉಮೇದು ನನಗಿಲ್ಲ. ಪದವಿಗೆ ಬೈಕೂ ಬೇಡ, ಪೆಟ್ರೋಲೂ ಬೇಡ.

ಮೊದಲ ವರ್ಷ ಜೂನ್‌ನಲ್ಲಿ ಶುರು ಮಾಡಿದೆ. ಅದು ಮೊದಲ ತಪ್ಪು. ಉಡುಪಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಾಲ್ಕನೇ ದಿನವೇ ಬಿದ್ದೆ. ಬಿದ್ದ ಮೇಲೆ ಕಲ್ಲಿನ ಬಣ್ಣ ಓದಲು ಕಲಿತೆ. ಕೆಂಪು ಅಥವಾ ಕಂದು ಇದ್ದರೆ ಧೈರ್ಯವಾಗಿ ಕಾಲಿಡಬಹುದು, ಮುರಕಲ್ಲಿನ ತೂತುಗಳು ಶೂ ಹಿಡಿದುಕೊಳ್ಳುತ್ತವೆ. ಕಪ್ಪಗೆ ಹೊಳೆಯುತ್ತಿದ್ದರೆ ಅದು ಹಾವಸೆ. ಅಲ್ಲಿ ದೇವರೂ ಜಾರುತ್ತಾನೆ.

ಆ ಮೊದಲ ವಾರದಲ್ಲೇ ದನ ಮೇಯಿಸಲು ಬರುವ ಅಜ್ಜಿ ನನ್ನನ್ನು ತಡೆದು ಕೇಳಿದ್ದರು, “ಎಂಥ ಮಗಾ, ಹಿಂದೆ ನಾಯಿ ಉಂಟಾ?”

ಇಲ್ಲ ಅಂದೆ.

“ಮತ್ತೆ ಯಾಕೆ ಓಡುವುದು?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಶೂ ವಿಷಯ ಹೇಳಲೇಬೇಕು. ನನ್ನದು ಸಾವಿರದ ಇನ್ನೂರು ರೂಪಾಯಿಯದ್ದು. ಒಂಬತ್ತು ಸಾವಿರದ್ದು ತೆಗೆದುಕೊಳ್ಳಿ, ಒಳ್ಳೆ ಹಿಡಿತ ಇರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ನಮ್ಮೂರ ಮಳೆಯಲ್ಲಿ ಒಂಬತ್ತು ಸಾವಿರದ್ದೂ ಒದ್ದೆಯಾಗುತ್ತದೆ ಅಲ್ವಾ? ಒಣಗಿಸುವುದೇ ದೊಡ್ಡ ಕೆಲಸ. ಮನೆಗೆ ಬಂದ ಕೂಡಲೇ ಒಳಗಿನ ಅಟ್ಟೆ ಎಳೆದು ತೆಗೆಯಬೇಕು. ಆಮೇಲೆ ನಿನ್ನೆಯ ಪೇಪರ್ ಉಂಡೆ ಮಾಡಿ ತುರುಕಬೇಕು. ಜಾಹೀರಾತಿನ ನುಣುಪು ಕಾಗದ ಬೇಡ, ನೀರು ಹೀರುವುದಿಲ್ಲ. ಸುದ್ದಿಯ ಪುಟವೇ ಆಗಬೇಕು. ಅರ್ಧ ಗಂಟೆ ಬಿಟ್ಟು ಪೇಪರ್ ಬದಲಿಸಿ, ಬಚ್ಚಲೊಲೆಯ ಪಕ್ಕ ಒಂದು ಮೊಳ ದೂರದಲ್ಲಿ ಶೂ ಮಗುಚಿ ಇಡುತ್ತೇನೆ. ಹತ್ತಿರ ಇಟ್ಟರೆ ಅಂಟು ಬಿಡುತ್ತದೆ, ಒಂದು ಜೊತೆ ಹಾಗೇ ಹೋಯಿತು. ಹಂಡೆ ನೀರು ಕಾಯುವಷ್ಟರಲ್ಲಿ ಶೂ ಅರ್ಧ ಒಣಗಿರುತ್ತದೆ. ಆಫೀಸಿನಲ್ಲಿ ಕೂತರೂ ಕಾಲಿಗೆ ತೆಂಗಿನ ಸಿಪ್ಪೆಯ ಹೊಗೆ ವಾಸನೆ. ಅಮ್ಮ ದಿನಾ ಬೈಯುತ್ತಾರೆ, ಆದರೆ ನಾನು ಮರೆತ ದಿನ ಶೂ ತಿರುಗಿಸಿ ಇಡುವುದೂ ಅವರೇ.

ಜುಲೈ ಮುಗಿಯುವ ತನಕ ಈ ದಾರಿಗೆ ಎರಡು ನಕ್ಷತ್ರ ಕೊಡುತ್ತಿದ್ದೆ. ಆಗಸ್ಟ್‌ನಲ್ಲಿ ಹೂ ಬಂತು.

ಹೂ ಅಂದರೆ ಸೊಂಟದೆತ್ತರ ಬೆಳೆದು ಗಾಳಿಗೆ ತೂಗುವಂಥದ್ದಲ್ಲ. ಒಂದು ಗೇಣೂ ಇಲ್ಲ. ಕಲ್ಲಿನ ಮೇಲೆ ಮಣ್ಣಿರುವುದೇ ಬೆರಳು ದಪ್ಪ, ಅದರಲ್ಲಿ ಸಾರವೂ ಇಲ್ಲ. ಹಾಗಾಗಿ ಕೆಲವು ಗಿಡಗಳು ಹುಳ ತಿಂದು ಬದುಕುತ್ತವೆ. ನೀಲಿ ಬಣ್ಣದ ಯುಟ್ರಿಕ್ಯುಲೇರಿಯಾ ಅಂಥದ್ದು. ಮರಾಠಿಯವರು ಇದಕ್ಕೆ ‘ಸೀತೆಯ ಕಣ್ಣೀರು’ ಅನ್ನುತ್ತಾರೆ. ಕೇರಳದವರಿಗೆ ಇದು ‘ಕಾಕ್ಕಪ್ಪೂ’, ಓಣಂ ಹೂವಿನ ರಂಗೋಲಿ ‘ಪೂಕಳ’ಕ್ಕೆ ಬೇಕು. ಮೇಲೆ ಮುಗ್ಧ ಹೂ, ಕೆಳಗೆ ಒದ್ದೆ ಮಣ್ಣಿನಲ್ಲಿ ಸಣ್ಣ ಸಣ್ಣ ಚೀಲಗಳು. ಹತ್ತಿರ ಬಂದ ಸೂಕ್ಷ್ಮ ಜೀವಿಯನ್ನು ಚೀಲ ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಇಡೀ ಪದವಿನಲ್ಲಿ ಅತಿ ವೇಗದವನು ನಾನೇ ಎಂದುಕೊಂಡಿದ್ದೆ.

ಅದರ ನಡುವೆ ಅಂಗಿಯ ಬಿಳಿ ಗುಂಡಿಯಂಥ ಎರಿಯೋಕಾಲನ್. ನೀರು ಜಿನುಗುವ ಕಡೆ ಕೆಂಪು ಕೂದಲಿನ ತುದಿಗೆ ಅಂಟು ಹನಿ ಹೊತ್ತ ಡ್ರೊಸೆರಾ, ಬಿಸಿಲು ಬಂದರೂ ಆರದ ಇಬ್ಬನಿಯ ಹಾಗೆ. ಪದವಿನ ಅಂಚಿಗೆ ನೆಕ್ಕರೆ, ಕೇಪುಳದ ಪೊದೆಗಳು. ಇದನ್ನೆಲ್ಲ ಓಡುತ್ತಾ ನೋಡಲು ಆಗುವುದಿಲ್ಲ. ಮಂಡಿ ಊರಬೇಕು. ರಸ್ತೆಯಲ್ಲಿ ಐದು ಕಿಲೋಮೀಟರಿಗೆ 32 ನಿಮಿಷ ತೆಗೆದುಕೊಳ್ಳುವ ನಾನು ಇಲ್ಲಿ ಸೆಪ್ಟೆಂಬರ್‌ನಲ್ಲಿ 55 ನಿಮಿಷ ತೆಗೆದುಕೊಂಡದ್ದುಂಟು. ವಾಚ್ ಪಾಪ, ‘ಮುಗಿಯಿತೇ?’ ಎಂದು ಮತ್ತೆ ಮತ್ತೆ ಕೇಳುತ್ತಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ಐದು ನಕ್ಷತ್ರ. ಈಗ ಇಂಟರ್‌ಲಾಕ್ ಕಥೆ ಕೇಳಿ.

ಕಳೆದ ಮೇ ತಿಂಗಳಲ್ಲಿ ಯಾರೋ ಪುಣ್ಯಾತ್ಮರು ದಾರಿಯ ಮೊದಲ ಇನ್ನೂರು ಮೀಟರಿಗೆ ಇಂಟರ್‌ಲಾಕ್ ಸಿಮೆಂಟ್ ಬ್ಲಾಕ್ ಹಾಸಿದರು. ವಾಕಿಂಗ್ ಬರುವವರ ಅನುಕೂಲಕ್ಕಂತೆ. ಯಾರೆಂದು ಬರೆಯುವುದಿಲ್ಲ, ಬರೆದರೆ ಇನ್ನೂ ಇನ್ನೂರು ಮೀಟರ್ ಹಾಕಿಯಾರು. ಆ ಜಾಗದಲ್ಲಿ ಒಂದು ತಗ್ಗು ಇತ್ತು. ಎರಡು ಚಾಪೆ ಹಾಸಿದಷ್ಟೇ ಅಗಲ. ಅಕ್ಟೋಬರ್ ತನಕ ಅಲ್ಲಿ ನೀರು ಜಿನುಗುತ್ತಿತ್ತು, ಇಡೀ ಪದವಿನಲ್ಲಿ ದಟ್ಟ ನೀಲಿ ಇದ್ದದ್ದು ಅಲ್ಲೇ. ಅದಕ್ಕೆ ಜಲ್ಲಿಪುಡಿ ತುಂಬಿ, ಮೇಲೆ ಬ್ಲಾಕ್ ಜೋಡಿಸಿ, ಪಕ್ಕಕ್ಕೊಂದು ಸಿಮೆಂಟ್ ಬೆಂಚು ಇಟ್ಟರು. ಬೆಂಚಿನಲ್ಲಿ ಕೂತು ಏನನ್ನು ನೋಡಬೇಕೋ ಗೊತ್ತಿಲ್ಲ.

ಜುಲೈಗೆ ಇಂಟರ್‌ಲಾಕ್ ಮೇಲೆ ಹಾವಸೆ ಹಿಡಿಯಿತು. ಕಲ್ಲಿನ ಮೇಲೆ ಎರಡು ವರ್ಷ ಬೀಳದವನು ಅದರ ಮೇಲೆ ಬಿದ್ದೆ. ಮೊಣಕೈ ಚರ್ಮ ಹೋಯಿತು, ವಾಚಿನ ಗಾಜೂ ಹೋಯಿತು. ಮುರಕಲ್ಲನ್ನು ನೋಡಿ 1807ರಲ್ಲಿ ‘ಲ್ಯಾಟರೈಟ್’ ಎಂದು ಹೆಸರು ಕೊಟ್ಟವರು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, ಲ್ಯಾಟಿನ್‌ನಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದೇ ಅರ್ಥ. ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ನಮ್ಮ ಮನೆ ಗೋಡೆಯೂ ಅದೇ. ಭೂಮಿಯೇ ಹಾಸಿ ಕೊಟ್ಟ ಇಟ್ಟಿಗೆಯ ಮೇಲೆ ಮತ್ತೆ ಸಿಮೆಂಟಿನ ಇಟ್ಟಿಗೆ ಹಾಸುವ ಬುದ್ಧಿ ಯಾರಿಗೆ ಬಂತು ಮಾರಾಯ್ರೆ!

ತುಂಬಾ ಬೈದೆ. ಮನೆಯಲ್ಲಿ, ಆಫೀಸಿನಲ್ಲಿ, ಬನ್ಸ್ ತಿನ್ನುವ ಹೋಟೆಲಿನಲ್ಲಿ. ಆಮೇಲೆ ಒಂದು ಸಂಜೆ ಮೊಬೈಲಿನಲ್ಲಿ ಹಳೆಯ ಫೋಟೋ ನೋಡುತ್ತಿದ್ದೆ. ಮೊದಲ ವರ್ಷದ್ದು, ಇಂಟರ್‌ಲಾಕ್ ತಲುಪದ ಆಚೆ ತುದಿಯದ್ದು. ಹೂ ಒಂದೇ ಸಮನೆ ಹರಡಿತ್ತು. ಮರುದಿನ ಅದೇ ಜಾಗಕ್ಕೆ ಹೋಗಿ ನಿಂತೆ. ಹೂವಿನ ನಡುವೆ ಒಂದು ಬೋಳು ಗೆರೆ. ಒಂದಡಿ ಅಗಲ, ನೇರವಾಗಿ ಬಂದು ದೊಡ್ಡ ಕಲ್ಲಿನ ಹತ್ತಿರ ಎಡಕ್ಕೆ ತಿರುಗುತ್ತದೆ. ಅಲ್ಲಿ ಎಡಕ್ಕೆ ತಿರುಗುವವನು ನಾನೊಬ್ಬನೇ. ಬೆರಳು ದಪ್ಪದ ಮಣ್ಣನ್ನು ನನ್ನ ಸಾವಿರದ ಇನ್ನೂರರ ಶೂ ಸಡಿಲ ಮಾಡಿದೆ, ಉಳಿದದ್ದನ್ನು ಮಳೆ ತೊಳೆದುಕೊಂಡು ಹೋಗಿದೆ.

ಈಗ ದಾರಿ ಬದಲಿಸಿದ್ದೇನೆ. ದನ ನಡೆಯುವ ದಾರಿಯಲ್ಲಿ ಹೋಗಿ, ಹಳೆ ಕಲ್ಲುಕೋರೆಯ ಲಾರಿ ರಸ್ತೆಗೆ ಸೇರಿ, ವಾಪಸ್. ಚಂದ ಏನೂ ಇಲ್ಲ. ಮಳೆಗಾಲದಲ್ಲಿ ಕೋರೆಯ ಹೊಂಡ ತುಂಬಿರುತ್ತದೆ, ಅದರ ಅಂಚಿಗೆ ಹೋಗಲೇಬೇಡಿ, ಆಳ ತಿಳಿಯುವುದಿಲ್ಲ. ಹುಲ್ಲು ಎತ್ತರ ಇದ್ದ ಕಡೆ ಕನ್ನಡಿ ಹಾವಿನ ಭಯವೂ ಉಂಟು, ಬೆಳಕು ಹರಿದ ಮೇಲೆಯೇ ಹೊರಡಿ. ಮಾರ್ಚ್‌ನಿಂದ ಮೇ ತನಕ ಬರುವುದೇ ಬೇಡ, ಕರಂಡೆ ಮತ್ತು ಕುಂಟಲ ಹಣ್ಣಿನ ಆಸೆ ಇದ್ದರೆ ಮಾತ್ರ ಬನ್ನಿ.

ನಕ್ಷತ್ರ ಎಷ್ಟು ಕೊಡಲಿ? ಜೂನ್, ಜುಲೈಗೆ ಎರಡು. ಬೇಸಿಗೆಗೆ ಒಂದು, ಅದೂ ಹಣ್ಣಿಗೆ. ಇಂಟರ್‌ಲಾಕಿಗೆ ಸೊನ್ನೆ. ಸೆಪ್ಟೆಂಬರ್‌ಗೆ ಐದು, ಆದರೆ ಅದನ್ನು ಓಟದ ಲೆಕ್ಕಕ್ಕೆ ಹಿಡಿಯಬೇಡಿ. ಪದವಿನ ಹೆಸರು ಮಾತ್ರ ಕೇಳಬೇಡಿ.

ಆಗಸ್ಟ್ ನಡುವಿಗೆ ಬರುವ ನಮ್ಮ ತುಳು ತಿಂಗಳು ಸೋಣ ಶುರುವಾಗಿದೆ. ಹೊಸ್ತಿಲ ಪೂಜೆಗೆ ಇಡಲು ಹೂ ಬೇಕೆಂದು ಅಮ್ಮ ಹೇಳಿದ್ದರು. ಇವತ್ತು ಬೆಳಿಗ್ಗೆ ವಾಚ್ ಮನೆಯಲ್ಲೇ ಬಿಟ್ಟು, ಅಂಚಿನ ಪೊದೆಯಿಂದ ನಾಲ್ಕು ಕೇಪುಳ ಗೊಂಚಲು ಕಿತ್ತುಕೊಂಡು ನಿಧಾನ ಬರುತ್ತಿದ್ದೆ. ಅಜ್ಜಿ ದನದ ಹಗ್ಗ ಹಿಡಿದು ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇವತ್ತು ನಾಯಿ ಬರಲಿಲ್ವಾ ಮಗಾ?”